ರಿಯಾಲಿಗೆ ಇವತ್ತು ಎಷ್ಟು?

ಬೆಳಿಗ್ಗೆ ಎದ್ದವರು ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ. ಹದಿನಾರು ವರ್ಷ ನಾನು ನೋಡಿದ್ದು ಒಮಾನಿ ರಿಯಾಲಿನ ದರವನ್ನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಕಣ್ಣು ಪೂರ್ತಿ ಬಿಡುವ ಮೊದಲೇ ಕೈ ದಿಂಬಿನ ಕೆಳಗಿನ ಫೋನಿಗೆ ಹೋಗುತ್ತಿತ್ತು. ದರ ಐದು ಪೈಸೆ ಏರಿದ್ದರೆ ಆ ದಿನದ ಚಹಾಕ್ಕೆ ಬೇರೆಯೇ ರುಚಿ. ಐದು ಪೈಸೆ ಇಳಿದಿದ್ದರೆ ಮಲಗಿದ್ದಾಗ ಯಾರೋ ಬಂದು ನನ್ನ ಪರ್ಸು ತೆರೆದು ನೋಡಿ ಹೋದ ಹಾಗೆ. ಇಷ್ಟಕ್ಕೂ ಆ ದಿನ ನಾನು ಹಣ ಕಳಿಸುವವಳೇ ಆಗಿರುತ್ತಿರಲಿಲ್ಲ. ತಿಂಗಳಿಗೊಮ್ಮೆ ಕಳಿಸುವವಳಿಗೆ ಮೂವತ್ತು ದಿನದ ಚಿಂತೆ!

ನಾನು ಕಲಬುರಗಿಯವಳು. ಹೆಸರು ಮಹಾದೇವಿ, ಮನೆಯವರ ಬಾಯಲ್ಲಿ ಮಾದೇವಿ. ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಿದ್ದೆ. ಬಿಗಿದ ಭುಜ ಸಡಿಲಿಸುವುದು, ಬಿದ್ದವರನ್ನು ಮತ್ತೆ ನಡೆಸುವುದು, ಮಾತು ಕೇಳದ ಮೊಣಕಾಲಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಮದುವೆಯಾಗಲಿಲ್ಲ. ಯಾಕೆ ಎಂಬುದು ಬೇರೊಂದು ಪ್ರಬಂಧದ ವಿಷಯ, ಅದನ್ನು ನಾನು ಬರೆಯುವುದಿಲ್ಲ.

ಅಲ್ಲಿ ನನ್ನ ಜೊತೆ ಒಂದೇ ಮನೆಯಲ್ಲಿದ್ದವಳು ನಸೀಮಾ ಆಪಾ. ಅದೇ ಆಸ್ಪತ್ರೆಯಲ್ಲಿ ರೋಗಿಗಳಿಗೆ ನಂಬರ್ ಕೊಡುವ ಕೌಂಟರಿನಲ್ಲಿ ಕೂರುತ್ತಿದ್ದಳು. ಶಹಾಬಜಾರದ ಓಣಿಯವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಲೆಂದು ಸಮುದ್ರ ದಾಟಿದವಳು. ಕಲಬುರಗಿಯಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಆಟೋದಲ್ಲಿ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷವನ್ನು ಮೂವತ್ತೆರಡು ವರ್ಷ ದಾಟದೆ, ಕೊನೆಗೆ ಮಸ್ಕತ್ತಿನಲ್ಲಿ ಭೇಟಿಯಾದೆವು. ನನಗಿಂತ ಎರಡು ವರ್ಷ ದೊಡ್ಡವಳು, ಹಾಗಾಗಿ ಆಪಾ.

ಆಪಾ ಸಂಬಳ ಬಂದ ಸಂಜೆಯೇ ಹಣ ಕಳಿಸಿಬಿಡುತ್ತಿದ್ದಳು. ದರ ಎಷ್ಟೆಂದು ಕೇಳುವುದೂ ಇಲ್ಲ. ನಾನು ಮಾತ್ರ ಕಾಯುವವಳು. ಒಮ್ಮೆ ಮುನ್ನೂರು ರಿಯಾಲ್ ಕಳಿಸುವುದಿತ್ತು. ಇನ್ನೊಂದು ಹತ್ತು ಪೈಸೆ ಏರಲಿ ಎಂದು ಹನ್ನೊಂದು ದಿನ ಕಾದೆ. ಹನ್ನೆರಡನೆಯ ದಿನ ಏರಿತು. ಕೋಟೆ ಗೆದ್ದವಳಂತೆ ಟ್ಯಾಕ್ಸಿ ಹತ್ತಿ ವಿನಿಮಯದ ಅಂಗಡಿಗೆ ಹೋಗಿ, ರಸೀದಿ ಹಿಡಿದುಕೊಂಡು ಮನೆಗೆ ಬಂದೆ. ಆಪಾ ರಸೀದಿ ನೋಡಲಿಲ್ಲ. "ಟ್ಯಾಕ್ಸಿಗಿ ಎಷ್ಟು ಕೊಟ್ಟಿ?" ಎಂದಳು.

"ಹೋಗಿ ಬರಲಾಕ ಎರಡು ರಿಯಾಲ್."

"ಅಂದ್ರ ಹತ್ತಿರ ಹತ್ತಿರ ನಾಕುನೂರು ರೂಪಾಯಿ ಕೊಟ್ಟು ಮೂವತ್ತು ರೂಪಾಯಿ ಗಳಿಸಿದಿ. ಭಾರೀ ಲೆಕ್ಕದಾಕಿ ನೋಡು ನೀ!"

ಅವತ್ತು ರಾತ್ರಿಯ ಅಡುಗೆಯಲ್ಲಿ ಉಪ್ಪು ಹೆಚ್ಚಾಗಿದ್ದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ.

ಪರದೇಶದಲ್ಲಿ ದುಡಿಯುವವರಿಗೆ ಅಂಟುವ ಇನ್ನೊಂದು ಜಾಡ್ಯವಿದೆ. ಅದನ್ನು ನಾನು ಗುಣಾಕಾರದ ರೋಗ ಎನ್ನುತ್ತೇನೆ. ಹೊಸದರಲ್ಲಿ ಒಂದು ಕಪ್ ಚಹಾಕ್ಕೆ ನೂರು ಬೈಸಾ. ಸಾವಿರ ಬೈಸಾಕ್ಕೆ ಒಂದು ರಿಯಾಲ್. ತಲೆಯೊಳಗಿನ ಯಂತ್ರ ತಾನಾಗಿಯೇ ತಿರುಗಿ, ಅದನ್ನು ರೂಪಾಯಿ ಮಾಡಿ, ಅದೇ ದುಡ್ಡಿಗೆ ನಮ್ಮೂರಲ್ಲಿ ಎಷ್ಟು ಕಪ್ ಬರುತ್ತಿತ್ತೆಂದು ಹೇಳುತ್ತಿತ್ತು. ಅಷ್ಟೂ ಕಪ್ ಒಟ್ಟಿಗೆ ಗಂಟಲಲ್ಲಿ ಇಳಿದಂತಾಗಿ ಚಹಾ ಬೇಡವಾಗುತ್ತಿತ್ತು. ಮಾವಿನ ಹಣ್ಣು ಕೈಗೆತ್ತಿಕೊಳ್ಳುತ್ತಿದ್ದೆ, ಗುಣಿಸುತ್ತಿದ್ದೆ, ಕೆಳಗಿಡುತ್ತಿದ್ದೆ. ಅಂಗಡಿಯವನು ನನ್ನನ್ನು ಹಣ್ಣಿನ ತೂಕ ಪರೀಕ್ಷಿಸುವ ಸರಕಾರಿ ಅಧಿಕಾರಿ ಎಂದು ತಿಳಿದಿದ್ದರೂ ಆಶ್ಚರ್ಯವಿಲ್ಲ.

ರಜೆಗೆ ಕಲಬುರಗಿಗೆ ಬಂದರೆ ಯಂತ್ರ ಉಲ್ಟಾ ತಿರುಗುತ್ತಿತ್ತು. ಸೂಪರ್ ಮಾರ್ಕೆಟ್ ಎಂಬ ನಮ್ಮೂರ ಬಜಾರಿನಲ್ಲಿ ಸೀರೆಯ ಬೆಲೆ ಕೇಳಿ ಮನಸ್ಸಿನಲ್ಲೇ ಭಾಗಿಸಿ, "ಅಯ್ಯ, ಇಷ್ಟೇನಾ!" ಎಂದುಕೊಂಡು ಆರು ಸೀರೆ ಕಟ್ಟಿಸುತ್ತಿದ್ದೆ. ಅಲ್ಲಿ ಗುಣಾಕಾರ, ಇಲ್ಲಿ ಭಾಗಾಕಾರ. ಅಲ್ಲಿ ತಿನ್ನದೆ ಉಳಿಸಿದ್ದು ಇಲ್ಲಿ ಉಡದ ಸೀರೆಗಳಾಗಿ ಕಪಾಟಿನಲ್ಲಿ ಕುಳಿತಿರುತ್ತಿತ್ತು.

ಇನ್ನೊಂದು ಸಂಗತಿ ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ರಿಯಾಲು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದನ್ನು ಡಾಲರಿನ ಗೂಟಕ್ಕೆ ಗಟ್ಟಿಯಾಗಿ ಕಟ್ಟಿದ್ದಾರೆ. ಅತ್ತಿತ್ತ ಅಲೆಯುವುದು ನಮ್ಮ ರೂಪಾಯಿ. ಅಂದರೆ ಬೆಳಿಗ್ಗೆ ಎದ್ದು "ರಿಯಾಲ್ ಏರಿತು" ಎಂದು ನಾನು ಹಿಗ್ಗುತ್ತಿದ್ದಾಗಲೆಲ್ಲ ಬಿದ್ದಿರುತ್ತಿದ್ದದ್ದು ನನ್ನದೇ ದೇಶದ ದುಡ್ಡು. ಇದನ್ನು ನನಗೆ ಮನದಟ್ಟು ಮಾಡಿಸಿದವಳು ಅರ್ಥಶಾಸ್ತ್ರಜ್ಞೆಯಲ್ಲ, ನಮ್ಮಣ್ಣನ ಹೆಂಡತಿ ಕಸ್ತೂರಿ ವೈನಿ. ರಿಯಾಲಿಗೆ ಇನ್ನೂರು ದಾಟಿದ ದಿನ ನಾನು ಖುಷಿಯಿಂದ ಫೋನ್ ಮಾಡಿದ್ದೆ.

"ನೀವು ಕುಣೀರಿ ಮಾದೇವಿ," ಎಂದಳು ವೈನಿ. "ರೂಪಾಯಿ ಬಿತ್ತಂದ್ರ ನಮ್ಮ ಎಣ್ಣಿ ಡಬ್ಬಿ ಏರ್ತದ, ಪೆಟ್ರೋಲ್ ಏರ್ತದ. ನೀವು ನಕ್ಕ ದಿನ ನಾವಿಲ್ಲಿ ಒಗ್ಗರಣಿ ಕಡಿಮಿ ಹಾಕ್ಬೇಕಾಗ್ತದ."

ಹೀಗೆ ಎರಡು ದುಡ್ಡಿನ ನಡುವೆ ಸಿಕ್ಕಿಕೊಂಡವರಲ್ಲಿ ನಮ್ಮ ಮನೆಯಲ್ಲಿ ನಾನೇ ಮೊದಲಿಗಳು ಎಂದು ತಿಳಿದಿದ್ದೆ. ಆ ಜಂಬ ಇಳಿಸಿದವರು ಕಮಲಾಪುರದ ಭೀಮಶಾ ಕಾಕಾ, ನಮ್ಮಪ್ಪನ ತಮ್ಮ. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಎಂದರೆ ಅವರೇ. ಅವರದು ಕೆಂಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆ ನಿಮಗೆ ಗೊತ್ತಿರಬಹುದು. ಗಿಡ ನೆಟ್ಟರೆ ಗೊನೆ ಕೈಗೆ ಬರಲು ಒಂದೂವರೆ ವರ್ಷದ ತನಕ ಕಾಯಬೇಕು, ಗೊಬ್ಬರ ನೀರು ಎರಡರಲ್ಲೂ ಭಾರೀ ಖರ್ಚಿನದು. ಒಂದು ರಜೆಯಲ್ಲಿ ನಾನು ದರದ ಮಾತು ತೆಗೆದಾಗ ಕಾಕಾ ನಕ್ಕುಬಿಟ್ಟರು.

"ನಮ್ಮಪ್ಪ ನಿಜಾಮನ ಕಾಲದಾಗೇ ಈ ದಂದೆ ಮಾಡ್ಯಾನ ಯವ್ವಾ. ಇಲ್ಲಿ ನಡೀತಿದ್ದದ್ದು ಹಾಲಿ ಸಿಕ್ಕಾ, ನಿಜಾಮನ ರೂಪಾಯಿ. ಬಾಳಿಹಣ್ಣು ಸೊಲ್ಲಾಪುರಕ್ಕ ಒಯ್ದ್ರ ಅಲ್ಲಿ ಇಂಗ್ರೇಜರ ಕಲ್ದಾರ್ ರೂಪಾಯಿ ಕೊಡ್ತಿದ್ರು. ಏಳು ಹಾಲಿಗಿ ಆರು ಕಲ್ದಾರ್ ಅಂತ ಲೆಕ್ಕ. ಸ್ಟೇಷನ್ ಬಲ್ಲಿ ರೊಕ್ಕ ಬದಲಿ ಮಾಡಾಕ ಕುಂತ ಸರಾಫ ನಡುವ ಒಂದೀಟು ತಿಂತಿದ್ದ."

ನೋಡಿ, ಕಲಬುರಗಿಯಿಂದ ಸೊಲ್ಲಾಪುರಕ್ಕೆ ರೈಲಿನಲ್ಲಿ ಕೂತು ಎದ್ದರೆ ಪರದೇಶ! ಇತ್ತ ಮಸ್ಕತ್ತಿನಲ್ಲಿ ನನ್ನ ಹತ್ತಿರ ಭುಜದ ನೋವಿಗೆ ಬರುತ್ತಿದ್ದ ಒಬ್ಬ ಅಜ್ಜ, ತಾನು ಚಿಕ್ಕವನಿದ್ದಾಗ ಅಲ್ಲಿನ ಬಜಾರಿನಲ್ಲಿ ಹಿಂದೂಸ್ತಾನದ ರೂಪಾಯಿಯೇ ನಡೆಯುತ್ತಿತ್ತು ಎಂದು ಹೇಳುತ್ತಿದ್ದ. ಅಂದರೆ ಒಂದು ಕಾಲಕ್ಕೆ ಮಸ್ಕತ್ತಿನಲ್ಲಿ ನಡೆಯುತ್ತಿದ್ದ ರೂಪಾಯಿಯನ್ನು ನಮ್ಮಜ್ಜ ಕಮಲಾಪುರಕ್ಕೆ ಬರುವಾಗ ಬದಲಿಸಿಕೊಳ್ಳಬೇಕಿತ್ತು. ಇದನ್ನು ಯೋಚಿಸುತ್ತ ಕೂತರೆ ದೇಶ ಯಾವುದು ಪರದೇಶ ಯಾವುದು ಎಂದು ತಲೆ ತಿರುಗುತ್ತದೆ.

ಇರಲಿ. ಹಣ ಕಳಿಸುವುದು ಅರ್ಧ ಕಥೆ. ಕಳಿಸಿದ್ದನ್ನು ಎಲ್ಲಿಡುವುದು ಎಂಬುದು ಉಳಿದರ್ಧ. ಒಂಟಿ ಹೆಂಗಸಿನ ಉಳಿತಾಯಕ್ಕೆ ಇರುವಷ್ಟು ಸಲಹೆಗಾರರು ದೇಶದ ಖಜಾನೆಗೂ ಇರಲಾರರು. ಅಣ್ಣ ಶರಣಪ್ಪನದು ಒಂದೇ ಮಂತ್ರ. "ಕುಸನೂರ ಕಡಿ ಪ್ಲಾಟ್ ತಗೊ ತಂಗಿ. ಮಣ್ಣು ಎಲ್ಲಿ ಓಡಿ ಹೋಗ್ತದ?"

ತಗೊಂಡೆ. ಮಣ್ಣು ಓಡಿ ಹೋಗಲಿಲ್ಲ ನಿಜ. ಎರಡು ವರ್ಷದ ಮೇಲೆ ರಜೆಯಲ್ಲಿ ನೋಡಲು ಹೋದರೆ ಅದರ ಮೇಲೆ ಐದು ಎಮ್ಮೆ ನಿಂತಿದ್ದವು. ಮೇವು ಹಾಕುತ್ತಿದ್ದ ಹೆಂಗಸಿಗೆ, "ಇದು ಯಾರ ಜಾಗ?" ಎಂದು ಕೇಳಿದೆ.

"ಮಸ್ಕತ್ತಿನ ಅಕ್ಕೋರದು ರೀ. ಯಾರೂ ಒಳಗ ಬರಬಾರದಂತ ನಾವೇ ಎಮ್ಮಿ ಕಟ್ಟಿ ಕಾಯಾಕತ್ತೀವಿ."

"ನಾನೇ ಆ ಅಕ್ಕ" ಎಂದೆ.

ಆಕೆ ಒಂದು ಕ್ಷಣವೂ ತಡವರಿಸಲಿಲ್ಲ. "ಅಯ್ಯ, ಬರ್ರಿ ಬರ್ರಿ! ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ."

ಕುಡಿದೆ. ಜೀರಿಗೆ, ಕೊತ್ತಂಬರಿ ಹಾಕಿದ ಮಜ್ಜಿಗೆ. ಹೆಸರು ಗುರುಬಾಯಿ ಎಂದಳು. ಜಗಳವಾಡಲು ಮನೆಯಿಂದ ಮಾತು ಜೋಡಿಸಿಕೊಂಡು ಹೋಗಿದ್ದವಳು ಇನ್ನೊಂದು ಲೋಟ ಕೇಳಿ ಕುಡಿದು ಬಂದೆ. ನನ್ನ ಹೂಡಿಕೆಗಳಲ್ಲಿ ಕೈಗೆ ಸಿಕ್ಕ ಮೊದಲ ಲಾಭ ಅದೇ.

ವೈನಿ ಬಂಗಾರದ ಪಕ್ಷ. ಅವಳ ಮಾತಿಗೆ ನಾಲ್ಕು ಬಳೆ ಮಾಡಿಸಿದೆ. ಅವು ಲಾಕರಿನಲ್ಲಿದ್ದವು. ವರ್ಷಕ್ಕೊಮ್ಮೆ ಹೋಗಿ, ಜೈಲಿನಲ್ಲಿರುವ ಸಂಬಂಧಿಕರನ್ನು ಕಂಡಂತೆ ಕಂಡು ಬರುತ್ತಿದ್ದೆ. ಬ್ಯಾಂಕಿನ ಎಳೆಯ ಅಧಿಕಾರಿಯೊಬ್ಬ ಮ್ಯೂಚುವಲ್ ಫಂಡಿನ ಪಕ್ಷ. ಅವನು ಮೊದಲು ಎನ್ಆರ್‌ಇ ಮತ್ತು ಎನ್ಆರ್‌ಓ ಖಾತೆಗಳ ವ್ಯತ್ಯಾಸ ಹೇಳಿಕೊಟ್ಟ. ಅಲ್ಲಿ ಗಳಿಸಿ ತಂದದ್ದು ಒಂದರಲ್ಲಿ, ಇಲ್ಲಿಯೇ ಹುಟ್ಟಿದ ಬಾಡಿಗೆ ಗೀಡಿಗೆ ಇನ್ನೊಂದರಲ್ಲಿ. ನನ್ನ ಇಲ್ಲಿನ ಗಳಿಕೆ ಎರಡು ಲೋಟ ಮಜ್ಜಿಗೆ, ಅದು ಯಾವುದರಲ್ಲಿ ಎಂದು ಕೇಳಲಿಲ್ಲ. ಆಮೇಲೆ ಒಂದು ಫಾರ್ಮು ತೆಗೆದು, "ನಿಮಗ ರಿಸ್ಕ್ ತಗೊಳ್ಳೋ ಶಕ್ತಿ ಎಷ್ಟದರೀ ಮೇಡಂ? ಕಡಿಮಿ, ಮಧ್ಯಮ, ಹೆಚ್ಚು?" ಎಂದ. ಮೂವತ್ತೆರಡನೆಯ ವಯಸ್ಸಿನಲ್ಲಿ, ಒಂದು ಸೂಟ್‌ಕೇಸು ಹಿಡಿದು, ಒಬ್ಬರ ಗುರುತೂ ಇಲ್ಲದ ಊರಿಗೆ ವಿಮಾನ ಹತ್ತಿದ್ದು ನೆನಪಾಯಿತು. "ಮಧ್ಯಮ ಅಂತ ಬರಕೋರಿ" ಎಂದೆ.

ಹೀಗೆ ಸ್ವಲ್ಪ ಮಣ್ಣು, ಸ್ವಲ್ಪ ಬಂಗಾರ, ತಿಂಗಳಿಗಿಷ್ಟು ಫಂಡು ಎಂದು ನಡೆಯುತ್ತಿತ್ತು. ಆಗ ಒಂದು ದಿನ ಆಸ್ಪತ್ರೆಯವರು ನಮ್ಮಿಬ್ಬರನ್ನೂ ಕರೆದು ಮೂರು ತಿಂಗಳ ನೋಟೀಸು ಕೊಟ್ಟರು. ನಮ್ಮ ಜಾಗಗಳಿಗೆ ಅಲ್ಲಿನವರನ್ನೇ ತೆಗೆದುಕೊಳ್ಳುತ್ತಾರಂತೆ. ಕೋಪ ಮಾಡಿಕೊಳ್ಳೋಣವೆಂದರೆ ನನ್ನ ಜಾಗಕ್ಕೆ ಬರುವವಳು ನಾನೇ ಕೈ ಹಿಡಿದು ಕಲಿಸಿದ ಹುಡುಗಿ. ಅವಳ ದೇಶ, ಅವಳ ಆಸ್ಪತ್ರೆ. ಅವಳು ಬಂದು ಅಪ್ಪಿಕೊಂಡು ಅತ್ತಾಗ ಸಮಾಧಾನ ಮಾಡುವ ಕೆಲಸವೂ ನನ್ನ ಪಾಲಿಗೇ ಬಂತು.

ಹದಿನಾರು ವರ್ಷದ ಕೊನೆಯಲ್ಲಿ ಸೇವಾವಧಿಯ ಹಣ ಒಂದೇ ಗಂಟಾಗಿ ಕೈಗೆ ಬಂತು. ನನ್ನ ಉಳಿತಾಯವನ್ನೂ ಸೇರಿಸಿದರೆ ಅದು ನಾನು ಯಾವತ್ತೂ ಒಟ್ಟಿಗೆ ಕಂಡಿರದ ಮೊತ್ತ. ಇನ್ನು ಸಂಬಳವಿಲ್ಲ. ಮುಂದಿನ ನನ್ನ ಮುಪ್ಪು, ನನ್ನ ಔಷಧಿ, ನನ್ನ ಅನ್ನ ಎಲ್ಲ ಅದರಲ್ಲೇ. ಆಪಾ ತನ್ನ ಪಾಲನ್ನು ಅದೇ ಮಧ್ಯಾಹ್ನ ಊರಿಗೆ ಕಳಿಸಿದಳು. ನಾನು ಕಾದೆ. ಇನ್ನೆರಡು ರೂಪಾಯಿ ಏರಲಿ ಎಂದು. ಇಷ್ಟು ದೊಡ್ಡ ಗಂಟಿಗೆ ಎರಡು ರೂಪಾಯಿ ಎಂದರೆ ಸಣ್ಣದಲ್ಲ, ಲೆಕ್ಕ ನನ್ನ ಪರವಾಗಿಯೇ ಇತ್ತು. ದರ ಮಾತ್ರ ನನ್ನ ಪರವಾಗಿರಲಿಲ್ಲ. ಒಂದು ವಾರ ಸುಮ್ಮನಿತ್ತು, ಆಮೇಲೆ ದಿನಕ್ಕೆ ಹತ್ತು ಪೈಸೆಯಂತೆ ಇಳಿಯತೊಡಗಿತು. ಇಳಿಯುವಾಗ ಕಳಿಸಲು ಮನಸ್ಸು ಬರುವುದಿಲ್ಲ, ಏರುವಾಗ ಇನ್ನೂ ಏರಲಿ ಎನಿಸುತ್ತದೆ. ಒಟ್ಟಿನಲ್ಲಿ ಕಳಿಸಬೇಕಾದ ದಿನ ಎಂಬುದು ಪಂಚಾಂಗದಲ್ಲೇ ಇರುವುದಿಲ್ಲ.

ಅಂಥ ಒಂದು ಬೆಳಿಗ್ಗೆ ಅಣ್ಣನ ಫೋನು ಬಂತು. "ತಂಗಿ, ಕಾಕಾಗ ಲಕ್ವಾ ಹೊಡದದ. ಬಲಗೈ ಬಲಗಾಲು ಎರಡೂ ಹೋಗ್ಯಾವ. ಮಾತೂ ಸರಿ ಬರವಲ್ದು."

ಹಣ ಅಲ್ಲಿಯ ಬ್ಯಾಂಕಿನಲ್ಲೇ ಉಳಿಯಿತು. ಹೈದರಾಬಾದಿಗೆ ವಿಮಾನ, ಅಲ್ಲಿಂದ ಬಸ್ಸು. ಕಲಬುರಗಿಯ ಆಸ್ಪತ್ರೆಯಲ್ಲಿ ಮಲಗಿದ್ದ ಕಾಕಾನನ್ನು ಕಂಡಾಗ ಮೊದಲು ನೋಡಿದ್ದು ಮುಖವನ್ನಲ್ಲ, ಕೈಯನ್ನು. ಅದು ನನ್ನ ಕಸುಬಿನ ದೋಷ. ಗೊನೆ ಕಡಿದು ಹೆಗಲಿಗೇರಿಸುತ್ತಿದ್ದ ಆ ಕೈ, ಹಾಸಿಗೆಯ ಮೇಲೆ ಯಾರೋ ಬಿಟ್ಟು ಹೋದ ಸಾಮಾನಿನಂತೆ ಬಿದ್ದಿತ್ತು. ಸಾವಿರಾರು ಅಂಥ ಕೈ ಹಿಡಿದವಳು ನಾನು. ಆ ಕೈಯನ್ನು ಮಾತ್ರ ಮೊದಲು ಮಡಿಲಲ್ಲಿಟ್ಟುಕೊಂಡು ಕೂತೆ.

ಎಂಟನೆಯ ದಿನ ಕಮಲಾಪುರದ ಮನೆಗೆ ಕರೆದೊಯ್ದೆವು. ತೋಟವನ್ನು ಕಾಕಾನ ಮಗ ನೋಡಿಕೊಂಡ, ಕಾಕಾನನ್ನು ನಾನು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ವ್ಯಾಯಾಮ. ಪರಾತದಲ್ಲಿ ಜೋಳ ಹರವಿ ಒಂದೊಂದೇ ಕಾಳು ಎತ್ತಿ ಬಟ್ಟಲಿಗೆ ಹಾಕಬೇಕು. ಮೊದಲ ವಾರ ಒಂದು ಕಾಳೂ ಏಳಲಿಲ್ಲ. ಕಾಕಾ ಎಡಗೈಯಿಂದ ಪರಾತ ತಳ್ಳಿಬಿಟ್ಟರು. ತೊದಲುತ್ತ, "ಈ ಕೈ ನಂದಲ್ಲವ್ವ. ಯಾರದೋ ತಂದು ಹಚ್ಯಾರ" ಎಂದರು.

"ಯಾರದೇ ಇರ್ಲಿ ಕಾಕಾ, ಈಗ ನಿನ್ನ ಮನ್ಯಾಗದ. ಕೆಲಸ ಹಚ್ಚೂನು" ಎಂದೆ. ಹೇಳಿದ್ದು ನಗುತ್ತಲೇ, ಆದರೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ.

ಮೂರನೆಯ ವಾರ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಮುಟ್ಟಿದವು. ಒಂದು ಕಾಳು ಎದ್ದಿತು. ಬಟ್ಟಲಿಗೆ ಬಿದ್ದ ಅದರ ಸದ್ದು ಅಡುಗೆಮನೆಯಲ್ಲಿದ್ದ ಕಾಕಿಗೂ ಕೇಳಿಸಿತೋ ಏನೋ, ಓಡಿ ಬಂದು ನೋಡಿ ಕಣ್ಣೊರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಇನ್ನೊಂದು ಸೇರು ಜೋಳ ತಂದು ಪರಾತಕ್ಕೆ ಸುರಿದಳು! ಕಾಕಾ ಮೊದಲ ಸಲ ನಕ್ಕದ್ದು ಆಗ, ಅರ್ಧ ಮುಖದಿಂದ.

ಇಷ್ಟರಲ್ಲಿ ಊರಿನ ಹೆಂಗಸರಿಗೆ ಸುದ್ದಿ ಹೋಗಿತ್ತು. ಒಬ್ಬಳು ಮೊಣಕಾಲು ಹಿಡಿದುಕೊಂಡು ಬಂದಳು, ಇನ್ನೊಬ್ಬಳು ಸೊಂಟ. ನಾನು ಡಾಕ್ಟರಲ್ಲ ಎಂದರೆ ಯಾರೂ ಕೇಳುವವರಲ್ಲ. ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಹೋದವರು, ರೊಟ್ಟಿ ಬಡಿದು ಬಡಿದು ಭುಜ ಹೋದವರು. ಗಂಡಸು ಡಾಕ್ಟರಿಗೆ ಸೊಂಟ ತೋರಿಸಲು ನಾಚಿ ಹತ್ತು ವರ್ಷ ನೋವು ನುಂಗಿದವರು. ಕಾಕಾನ ಪಡಸಾಲೆಯಲ್ಲಿ ಚಾಪೆ ಹಾಸಿ ಅವರಿಗೂ ಕೈ ಹಚ್ಚಿದೆ. ಒಂದು ದಿನ ಫೋನು ಚಾರ್ಜಿಗೆ ಹಾಕುವಾಗ ನೆನಪಾಯಿತು, ನಾನು ದರ ನೋಡಿ ಇಪ್ಪತ್ತು ದಿನವಾಗಿತ್ತು.

ನಸೀಮಾ ಆಪಾ ಅಷ್ಟರಲ್ಲಿ ಮಸ್ಕತ್ತಿನ ಮನೆ ಖಾಲಿ ಮಾಡಿ ಶಹಾಬಜಾರಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಬಸ್ಸಿಳಿದು, ಡಬ್ಬಿಯಲ್ಲಿ ಖುಬಾನಿ ಕಾ ಮೀಠಾ ಎಂಬ ಸಿಹಿ ಹಿಡಿದುಕೊಂಡು ಕಾಕಾನನ್ನು ನೋಡಲು ಬಂದಳು. ಪಡಸಾಲೆಯಲ್ಲಿ ಏಳೆಂಟು ಹೆಂಗಸರು ನಾ ಮೊದಲು ತಾ ಮೊದಲು ಎಂದು ಗದ್ದಲ ಮಾಡುತ್ತಿದ್ದರು. ಆಪಾಳಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಡಬ್ಬಿ ಕೆಳಗಿಟ್ಟು, ಪರ್ಸಿನಿಂದ ಸಣ್ಣ ನೋಟ್‌ಬುಕ್ ತೆಗೆದು, ಹಾಳೆ ಹರಿದು ಎಲ್ಲರಿಗೂ ನಂಬರ್ ಕೊಟ್ಟಳು. "ಒಂದನೇ ನಂಬರ್ ಒಳಗ ಬರ್ರಿ. ಉಳಿದವರು ಕಟ್ಟಿ ಮ್ಯಾಲ ಕೂಡ್ರಿ." ಎಲ್ಲರೂ ಗಪ್‌ಚುಪ್. ಎರಡು ಗಂಟೆಯಲ್ಲಿ ಪಡಸಾಲೆ ಖಾಲಿ.

ಊಟಕ್ಕೆ ಕೂತಾಗ ಆಪಾ ಹೇಳಿದಳು, "ನಮ್ಮ ಅಬ್ಬಾನ ಮನಿ ಕೆಳಗಿನ ಎರಡು ಖೋಲಿ ಖಾಲಿ ಬಿದ್ದಾವ ಮಾದೇವಿ. ಬರೇ ಹೆಂಗಸರ ಸಲುವಾಗಿ ಒಂದು ಜಾಗ ಮಾಡಮು. ನೀ ಕೈ ಹಚ್ಚು, ನಾ ನಂಬರ್ ಕೊಡ್ತೀನಿ."

ನಾನು ಎತ್ತಿದ ತುತ್ತನ್ನು ತಟ್ಟೆಗೆ ಮರಳಿ ಇಟ್ಟೆ. ಖುಷಿಯಿಂದಲ್ಲ, ಹೆದರಿಕೆಯಿಂದ. ಇರುವುದು ಒಂದೇ ಗಂಟು. ಯಂತ್ರ, ಟೇಬಲ್ಲು, ಲೈಸೆನ್ಸು ಎಂದು ಅದಕ್ಕೆ ಕೈ ಹಾಕಿ, ಜನ ಬರದೆ ಹೋದರೆ? ನನಗೆ ಹಿಂದೆ ಮುಂದೆ ಯಾರಿದ್ದಾರೆ?

ಭಾನುವಾರ ಬಂದ ಅಣ್ಣನೂ ಅದನ್ನೇ ಜೋರಾಗಿ ಹೇಳಿದ. "ತಲಿ ಕೆಟ್ಟದೇನ್ ತಂಗಿ? ನಲವತ್ತೆಂಟು ಆಯ್ತು ನಿನಗ. ಸುಮ್ಮ ಎಫ್‌ಡಿ ಮಾಡು, ಬಡ್ಡಿ ಮ್ಯಾಲ ಆರಾಮ ಕೂಡು. ನಾಳೆ ನಾ ಇರಲಿಲ್ಲಂದ್ರ ನಿನಗ ಯಾರು ನೋಡ್ತಾರ?" ಸಿಟ್ಟಿನ ಮಾತು, ಆದರೆ ಕೊನೆಗೆ ಅವನ ದನಿ ಒಡೆಯಿತು. ಹದಿನಾರು ವರ್ಷ ನನ್ನ ಪ್ಲಾಟು, ಲಾಕರು ಎಂದು ಓಡಾಡಿದ್ದ ಅಣ್ಣ. ಅವನಿಗಿದ್ದ ಚಿಂತೆ ದುಡ್ಡಿನದಾಗಿರಲಿಲ್ಲ. ಇಷ್ಟು ವರ್ಷ ಅದು ನನಗೆ ತಿಳಿದಿರಲಿಲ್ಲ.

"ಕಾಕಾ, ನೀನರೆ ಒಂದು ಮಾತು ಹೇಳು ಈಕಿಗಿ" ಎಂದು ಅಣ್ಣ ತಿರುಗಿದ.

ಕಾಕಾನ ಎದುರಿಗೆ ಬುಟ್ಟಿಯಲ್ಲಿ ಆ ದಿನ ತೋಟದಿಂದ ಬಂದ ಕೆಂಬಾಳೆ ಇತ್ತು. ಬಲಗೈ ಚಾಚಿದರು. ಕೈ ಅತ್ತಿತ್ತ ತೂಗಿತು, ಬುಟ್ಟಿಯ ಅಂಚಿಗೆ ತಾಗಿತು, ಒಂದು ಹಣ್ಣು ಹಿಡಿಯಿತು. ಎಡಗೈಯಲ್ಲಿ ಅದನ್ನಿಟ್ಟುಕೊಂಡು ಬಲಗೈಯ ಎರಡು ಬೆರಳಿನಿಂದ ಸಿಪ್ಪೆ ಎಳೆಯತೊಡಗಿದರು. ನಾವ್ಯಾರೂ ಸಹಾಯಕ್ಕೆ ಹೋಗಲಿಲ್ಲ, ನಾನು ಕಣ್ಸನ್ನೆಯಿಂದ ತಡೆದಿದ್ದೆ. ಮೂರು ಸಲ ಜಾರಿತು. ನಾಲ್ಕನೆಯ ಸಲ ಸಿಪ್ಪೆ ಕೆಳಗಿನ ತನಕ ಇಳಿಯಿತು. ಹಣ್ಣನ್ನು ಅಣ್ಣನ ಕಡೆ ಚಾಚಿ, "ತಿನ್ನು. ಆಮ್ಯಾಲ ಮಾತಾಡು" ಎಂದರು.

ಅಣ್ಣ ತಿಂದ. ಸಿಪ್ಪೆ ಬದಿಗಿಟ್ಟು, ಕೈ ಒರೆಸಿಕೊಂಡು, "ಬೋರ್ಡ್ ಬರಸಾಕ ನನ್ನ ಪರಿಚಯದವ ಒಬ್ಬ ಇದ್ದಾನ" ಎಂದ.

ಮರುದಿನ ಮಸ್ಕತ್ತಿನ ಹಣವೆಲ್ಲ ತರಿಸಿಕೊಂಡೆ. ದರ ಎಷ್ಟಿತ್ತು ಎಂದು ನೀವು ಕೇಳುವುದಿಲ್ಲ, ಆದರೆ ನಾನು ಹೇಳಿಬಿಡುತ್ತೇನೆ. ಆಪಾ ಕಳಿಸಿದ ದಿನಕ್ಕಿಂತ ಒಂದೂಕಾಲು ರೂಪಾಯಿ ಕಡಿಮೆ. ನನ್ನ ಜಾಣತನದ ಬೆಲೆಗೆ ಒಂದು ಒಳ್ಳೆಯ ಚಿಕಿತ್ಸೆಯ ಟೇಬಲ್ ಬರುತ್ತಿತ್ತು. ಆಪಾ ಅದನ್ನು ಕೇಳಿ, "ಫಿಕರ್ ನಕ್ಕೋ ಕರೋ, ಚಿಂತಿ ಬಿಡು. ಹಳೇದು ಒಂದು ಸಿಗ್ತದ, ಕಾಲು ಗಟ್ಟಿ ಇದ್ರ ಸಾಕು" ಎಂದಳು. ಟೇಬಲ್ಲಿನ ಕಾಲು ಎಂದುಕೊಂಡಿದ್ದೇನೆ. ಅಣ್ಣನ ಮಾತನ್ನೂ ತೆಗೆದುಹಾಕಲಿಲ್ಲ. ಅರ್ಧಕ್ಕಿಂತ ಹೆಚ್ಚು ಮುಪ್ಪಿನ ಕಾಲಕ್ಕೆಂದು ಎಫ್‌ಡಿಗೆ ಹೋಯಿತು. ಫಂಡು ತನ್ನ ಪಾಡಿಗೆ ತಿಂಗಳು ತಿಂಗಳು ನಡೆದಿದೆ. ಕುಸನೂರಿನ ಜಾಗದಲ್ಲಿ ಎಮ್ಮೆಗಳಿವೆ. ಉಳಿದದ್ದು ಶಹಾಬಜಾರದ ಎರಡು ಖೋಲಿಗೆ.

ಮೊದಲ ತಿಂಗಳು ನಿಜವಾಗಿಯೂ ಕಷ್ಟ. ಒಂದು ದಿನ ಇಬ್ಬರು, ಒಂದು ದಿನ ಯಾರೂ ಇಲ್ಲ. ಆಪಾ ಮಾತ್ರ ಯಾರೂ ಇಲ್ಲದ ದಿನವೂ ಕೌಂಟರಿನಲ್ಲಿ ನೆಟ್ಟಗೆ ಕೂತು, ಎದ್ದು ಹೋಗಬೇಕಾದರೆ ನನಗೆ ಹೇಳಿ ಹೋಗುತ್ತಿದ್ದಳು. ಎರಡನೆಯ ತಿಂಗಳು ವೈನಿ ತನ್ನ ಮೊಣಕಾಲು ತಂದಳು, ಜೊತೆಗೆ ತನ್ನ ಭಜನೆಯ ಗುಂಪನ್ನೂ. ಆಮೇಲೆ ಓಣಿಯ ಬೀಬಿಯರು ಒಬ್ಬರ ಹಿಂದೆ ಒಬ್ಬರು. ಈಗ ಬೆಂಚು ಸಾಲುವುದಿಲ್ಲ. ಶ್ರೀಮಂತಳಾದೆ ಎಂದು ತಿಳಿಯಬೇಡಿ. ಎಫ್‌ಡಿ ಮುರಿಸದೆ ಊಟ ನಡೆಯುತ್ತದೆ, ಅಷ್ಟೇ. ಕಾಕಾ ಕೋಲು ಹಿಡಿದು ತೋಟದ ತನಕ ಹೋಗಿ ಬರುತ್ತಾರೆ. ಗೊನೆ ಕಡಿಯಲು ಆಗುವುದಿಲ್ಲ, ಕಡಿಯುವವರನ್ನು ಬೈಯಲು ಆಗುತ್ತದೆ.

ಮೊನ್ನೆ ರುಕ್ಸಾನಾ ಎಂಬ ಹುಡುಗಿ ಬಂದಿದ್ದಳು. ಅವಳ ತಾಯಿ ಭುಜದ ನೋವಿಗೆ ನಮ್ಮಲ್ಲಿ ಬರುವವರು. ಹುಡುಗಿ ನರ್ಸಿಂಗ್ ಓದಿ ಕುವೈತಿಗೆ ಹೊರಟಿದ್ದಾಳೆ. "ಅಲ್ಲಿಂದ ರೊಕ್ಕ ಯಾವಾಗ ಕಳಸಬೇಕು, ಎಲ್ಲಿ ಇಡಬೇಕು, ನೀವೇ ಹೇಳ್ರಿ ಆಂಟಿ" ಎಂದಳು. ನನಗೆ ಇನ್ನೇನು ಬೇಕು? ಕುರ್ಚಿ ಎಳೆದು ಕೂತೆ. ಯಾವ ಖಾತೆ ತೆರೆಯಬೇಕು, ದರ ಕಾಯಬಾರದು ಯಾಕೆ, ಎಲ್ಲವನ್ನೂ ಒಂದರಲ್ಲೇ ಹಾಕಬಾರದು ಯಾಕೆ, ಕಷ್ಟಕಾಲಕ್ಕೆ ಆರು ತಿಂಗಳ ಖರ್ಚು ಬದಿಗಿಡುವುದು ಹೇಗೆ ಎಂದು ಅರ್ಧ ಗಂಟೆ ಹೇಳಿದೆ. ಹುಡುಗಿ ತಲೆಯೆತ್ತದೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಒಂದು ಪುಟ ತುಂಬಿತು.

ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. "ಇನ್ನೊಂದು ಕೇಳ್ಲೇನ್ರಿ? ಅಲ್ಲಿ ಮನಿ ಭಾಳ ನೆನಪಾದ್ರ ಏನ್ ಮಾಡ್ಬೇಕ್ರಿ?"

ಅರ್ಧ ಗಂಟೆ ನಿಲ್ಲದೆ ಮಾತಾಡಿದ್ದ ನಾನು ಆಪಾಳ ಕಡೆ ತಿರುಗಿದೆ. ಆಪಾ ಕೌಂಟರಿನಿಂದ ತಲೆಯೆತ್ತಿದಳು.

"ನಿನ್ನಂಗೇ ಮನಿ ನೆನಸ್ಕೊಂಡು ಕುಂತಾಕಿ ಒಬ್ಬಾಕಿ ಅಲ್ಲಿ ಇದ್ದೇ ಇರ್ತಾಳ ಬೇಟಾ. ಮೊದಲ ಆಕಿನ್ನ ಹುಡುಕು. ಬ್ಯಾಂಕಿಗಿ ಆಮ್ಯಾಲ ಹೋಗು."

ಹುಡುಗಿ ಬಾಗಿಲಿಗೆ ನೋಟ್‌ಬುಕ್ ಒತ್ತಿ ಹಿಡಿದು, ಅದನ್ನೂ ಬರೆದುಕೊಂಡಳು. ನಾನು ಹೇಳಿದ್ದು ಒಂದು ಪುಟ, ಆಪಾ ಹೇಳಿದ್ದು ಒಂದೇ ಸಾಲು. ಗೆರೆ ಎಳೆದದ್ದು ಮಾತ್ರ ಆ ಸಾಲಿನ ಕೆಳಗೆ.